ಬಾಗಿಲ ಕಡೆ ಮುಖ ಮಾಡಿದ ಕಾಗದ

"ಏನನ್ನೂ ಮುಟ್ಟಬೇಡಿ ಮಿಸ್ ಲಾಪಿಡಸ್. ಕಣ್ಣಲ್ಲಿ ನೋಡಿ, ಸಾಕು."

ಮಿನ್ನಾ ಲಾಪಿಡಸ್ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿಲ ಬಳಿಯೇ ನಿಂತಳು. ಹೆಣವನ್ನು ಬೆಳಿಗ್ಗೆಯೇ ಒಯ್ದಿದ್ದರು. ಖಾಲಿ ಕುರ್ಚಿಯ ಚರ್ಮದ ಮೇಲೆ ಕಂದು ಕಲೆಯೊಂದು ಒಣಗಿತ್ತು.

ಸ್ಟುಡಿಯೋದ ಒಡೆಯ ಅಬ್ರಾಮ್ ಪೆಲ್ಟ್ಸ್ ನಿನ್ನೆ ಬುಧವಾರ ಸಂಜೆ ಆರಕ್ಕೆ ಆ ಕುರ್ಚಿಯಲ್ಲಿ ಎದೆಗೆ ಗುಂಡು ತಗುಲಿ ಸತ್ತು ಬಿದ್ದದ್ದನ್ನು ಕಾವಲಿನವನು ಕಂಡಿದ್ದ. ಪಿಸ್ತೂಲು ಪೆಲ್ಟ್ಸ್‌ನದೇ. ಪಕ್ಕದ ಸೆಟ್ಟಿನಲ್ಲಿ ಇಡೀ ಮಧ್ಯಾಹ್ನ ಯುದ್ಧದ ಚಿತ್ರಕ್ಕೆ ಬಂದೂಕು ಹಾರಿಸುತ್ತಿದ್ದರು; ಒಂದು ಸದ್ದು ಹೆಚ್ಚಾದದ್ದು ಯಾರ ಕಿವಿಗೂ ಬೀಳಲಿಲ್ಲ. ಮೇಜಿನ ಮೇಲೆ ಒಂದು ಕಾಗದವಿತ್ತು.

"ಈ ಕಾಗದ ಹೀಗೇ ಇತ್ತಾ?" ಮಿನ್ನಾ ಕೇಳಿದಳು.

"ಹೀಗೇ."

"ನೀವು ಓದೋಕೆ ಅಂತ ತಿರುಗಿಸಿಲ್ವಾ?"

ಪತ್ತೇದಾರ ಟಿಂಬ್ಲಿನ್ ಬಾಯಲ್ಲಿದ್ದ ಪೆಪ್ಪರ್‌ಮೆಂಟನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ತಳ್ಳಿದ. ದಪ್ಪ ಮನುಷ್ಯ, ಸಿನಿಮಾ ನೋಡುವ ಅಭ್ಯಾಸವಿಲ್ಲದವನು. "ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಮ್ಮ. ಕಾಗದ ತಿರುಗಿಸೋ ದಡ್ಡ ಅಲ್ಲ ನಾನು."

"ಹಾಗಾದ್ರೆ ನೋಡಿ. ನಾನು ಬಾಗಿಲಲ್ಲಿ ನಿಂತಿದ್ದೀನಿ. ನನಗೆ ಅಕ್ಷರ ನೆಟ್ಟಗೆ ಕಾಣ್ತಿವೆ. ಆ ಕುರ್ಚಿಯಲ್ಲಿ ಕೂತು ಬರೆದೋನಿಗೆ ಇದು ತಲೆಕೆಳಗು."

ಟಿಂಬ್ಲಿನ್ ಮೇಜನ್ನು ಸುತ್ತಿ ಹೋಗಿ ಕುರ್ಚಿಯ ಹಿಂದಿನಿಂದ ಬಗ್ಗಿ ನೋಡಿದ. "ಬಂದೋರಿಗೆ ಕಾಣ್ಲಿ ಅಂತ ತಿರುಗಿಸಿ ಇಟ್ಟಿರ್ತಾರೆ."

"ಸಾಯೋಕೆ ಹೊರಟೋರು ಅಷ್ಟು ಅಚ್ಚುಕಟ್ಟಾಗಿ ಇಡಲ್ಲ. ಇದು ನಮ್ಮೋರ ಚಾಳಿ. ಸೆಟ್ಟಲ್ಲಿ ಕಾಗದ ಯಾವಾಗಲೂ ಕ್ಯಾಮೆರಾ ಕಡೆ ಇರುತ್ತೆ. ಬರೆದ ಪಾತ್ರದ ಕಡೆ ಇರಲ್ಲ. ಇಟ್ಟ ಕೈಗೆ ಯೋಚನೆ ಮಾಡೋ ಅಗತ್ಯವೇ ಬಿದ್ದಿಲ್ಲ, ಅಭ್ಯಾಸ."

"ಅವರೂ ಸಿನಿಮಾದೋರೇ ಅಲ್ವಾ?"

"ಯಜಮಾನರು ಸೆಟ್ಟಿನ ಕಾಗದ ಮುಟ್ಟಿದ್ದನ್ನ ನಾನು ನೋಡಿಲ್ಲ. ಅದರ ಬಣ್ಣ ನೋಡಿ. ಹಳದಿ."

"ಹಳೇದು."

"ಹಳೇದಲ್ಲ. ಚಹಾದ ನೀರಲ್ಲಿ ಅದ್ದಿ ಒಣಗಿಸಿದ್ದು. ಬಿಳಿ ಕಾಗದ ದೀಪದ ಕೆಳಗೆ ಕಣ್ಣು ಕುಕ್ಕುತ್ತೆ, ಪರದೆ ಮೇಲೆ ಅಕ್ಷರ ಕಾಣಲ್ಲ. ಅದಕ್ಕೇ ಚಿತ್ರದ ಕಾಗದಗಳನ್ನೆಲ್ಲ ಹೀಗೆ ಮಾಡ್ತಾರೆ."

"ಸ್ಟುಡಿಯೋ ಒಡೆಯನ ಮೇಜಿನ ಮೇಲೆ ಸ್ಟುಡಿಯೋದ ಕಾಗದ," ಟಿಂಬ್ಲಿನ್ ನಿಟ್ಟುಸಿರಿಟ್ಟ. "ಇದನ್ನ ತಗೊಂಡು ಹೋಗಿ ಮರಣ ವಿಚಾರಣೆ ಅಧಿಕಾರಿಗೆ ಹೇಳಿದ್ರೆ ನಗ್ತಾರೆ."

ಮಿನ್ನಾ ಮತ್ತೊಮ್ಮೆ ಓದಿದಳು. ದಪ್ಪ ಕಪ್ಪು ಶಾಯಿ, ದುಂಡಗಿನ ಅಕ್ಷರ, ಸಾಲುಗಳ ನಡುವೆ ಧಾರಾಳ ಜಾಗ.

ಮಗಳೇ,
ನಾನು ಕಟ್ಟಿದ್ದೆಲ್ಲ ಬರೀ ಮುಂಭಾಗ.
ಹಿಂದೆ ಮನೆಯೇ ಇರಲಿಲ್ಲ.
ನನ್ನನ್ನು ಕ್ಷಮಿಸಬೇಡ.
ನಿನ್ನ ತಂದೆ

"ಹೋಲಿಸಿ ನೋಡೋಣ ಅಂತ ಅವರ ಕೈಬರಹ ಹುಡುಕ್ಸಿದೆ," ಟಿಂಬ್ಲಿನ್ ಹೇಳಿದ. "ಇಷ್ಟು ದೊಡ್ಡ ಮನುಷ್ಯ, ಒಂದು ಚೀಟಿ ಸಿಗ್ಲಿಲ್ಲ. ಎಲ್ಲಾ ಟೈಪ್ ಮಾಡಿಸಿದ್ದು, ಕೆಳಗೊಂದು ಸಹಿ. ವಿಚಿತ್ರ ಅನ್ನಿಸಲ್ವಾ ನಿಮಗೆ?"

 ಉತ್ತರ ಮಿನ್ನಾಳ ನಾಲಗೆಯ ತುದಿಯಲ್ಲಿ ಒಂಬತ್ತು ವರ್ಷದಿಂದ ಕೂತಿತ್ತು.

"ನಾಲ್ಕು ಗಂಟೆಗೆ ಅಧಿಕಾರಿ ಬರೆದು ಮುಗಿಸ್ತಾರೆ. ಆತ್ಮಹತ್ಯೆ ಅಂತ. ಬಣ್ಣಕ್ಕಿಂತ ಗಟ್ಟಿಯಾದ್ದು ಏನಾದ್ರೂ ಇದ್ರೆ ಅಷ್ಟರೊಳಗೆ ತಂದುಕೊಡಿ."

ಗೋಡೆಯ ಗಡಿಯಾರದಲ್ಲಿ ಎರಡು ಗಂಟೆ ಹತ್ತು ನಿಮಿಷ.

ಹೊರಕೋಣೆಯಲ್ಲಿ ಪೆಲ್ಟ್ಸ್‌ನ ಅಕ್ಕ ಫೈಗಾ ಕಾಲಿಡುವ ಮಣೆಯ ಮೇಲೆ ಕುಕ್ಕರಿಸಿದ್ದಳು. ಯಹೂದಿ ಸೂತಕದ ಪದ್ಧತಿಯಂತೆ ಮೆತ್ತೆಯ ಕುರ್ಚಿಗಳಿಗೆ ಬೆನ್ನು ಹಾಕಿ, ಕಾಲಿನ ಜೋಡು ತೆಗೆದು, ಕುಪ್ಪಸದ ಅಂಚನ್ನು ಎದೆಯ ಬಳಿ ಒಂದು ಗೇಣು ಹರಿದುಕೊಂಡಿದ್ದಳು. ಕಿಟಕಿಯ ಬಳಿ ಸತ್ತವನ ಮಗಳು ರಿವ್ಕಾ ಹೊರಗೆ ನೋಡುತ್ತ ಸಿಗರೇಟು ಸೇದುತ್ತಿದ್ದಳು.

"ಬಾರೇ ಮಿನ್ನಾ. ಏನಂದ ಅವನು?"

"ಇನ್ನೂ ಏನಿಲ್ಲ ಫೈಗಾ ಅಮ್ಮ."

"ಸಂಘದ ಮುದುಕರು ಬಂದಿದ್ರು, ಹೆಣ ತೊಳೆಯೋರು. ನಾಳೆ ಶುಕ್ರವಾರ, ಕತ್ತಲಾದ್ರೆ ನಮ್ಮ ಸಬ್ಬತ್ ದಿನ, ಅದಕ್ಕೆ ಮುಂಚೆ ಮಣ್ಣು ಮಾಡಬೇಕಲ್ಲ. ಅಧಿಕಾರಿ ಏನು ಬರೀತಾನೋ ನೋಡಿ ಗುಂಡಿ ತೋಡಿಸ್ತಾರಂತೆ. ಕೈಯಾರೆ ಸತ್ತ ಅಂತ ಬರೆದ್ರೆ ಸ್ಮಶಾನದ ಗೋಡೆ ಪಕ್ಕ, ಒಬ್ಬನೇ. ಬ್ರೈನಾ ಪಕ್ಕ ಇಡಲ್ಲ." ಮುದುಕಿ ಮಿನ್ನಾಳ ಲಂಗದ ಅಂಚು ಹಿಡಿದುಕೊಂಡಳು. "ಹೆಂಡತಿ ಪಕ್ಕದ ಜಾಗ ಹದಿನಾಲ್ಕು ವರ್ಷದಿಂದ ಕಾದಿದೆ ಕಣೇ. ಪ್ರತೀ ವರ್ಷ ನಾನೇ ಹೋಗಿ ಕಳೆ ಕೀಳ್ತೀನಿ. ಅವಳದ್ದೂ ಕೀಳ್ತೀನಿ, ಖಾಲಿ ಜಾಗದ್ದೂ ಕೀಳ್ತೀನಿ."

"ಅತ್ತೆ, ಕಾಲಿಗೆ ಏನಾದ್ರೂ ಹಾಕ್ಕೋ. ನೆಲ ತಣ್ಣಗಿದೆ," ಎಂದಳು ರಿವ್ಕಾ, ತಿರುಗದೆ.

"ಅವಳಿಗೆ ನೆಲದ ಚಿಂತೆ. ಅಪ್ಪ ಎಲ್ಲಿ ಮಲಗ್ತಾನೆ ಅನ್ನೋ ಚಿಂತೆ ಇಲ್ಲ."

"ಮಲಗಿದ್ಮೇಲೆ ಎಲ್ಲಿ ಆದ್ರೇನು ಅತ್ತೆ."

ಫೈಗಾ ಮಿನ್ನಾಳ ಕಡೆಗೇ ನೋಡುತ್ತಿದ್ದಳು. "ನಮ್ಮೂರಲ್ಲಿ ಅವನನ್ನ ಆರನೇ ವರ್ಷಕ್ಕೇ ತುಪ್ಪಳದ ಅಂಗಡಿಗೆ ದುಡಿಯೋಕೆ ಹಾಕಿದ್ರು, ಅಕ್ಷರ ಕಲೀಲಿಲ್ಲ. ಇಲ್ಲಿಗೆ ಬಂದು ತಾನೇ ಕಲ್ತ. ದಿನಾ ಬೆಳಿಗ್ಗೆ ಇಂಗ್ಲಿಷ್ ಪೇಪರು, ಮೊದಲ್ನೇ ಪುಟದಿಂದ ಕೊನೇ ಪುಟದವರೆಗೆ. ಅಷ್ಟು ಛಲದೋನು ಹಿಂಗೆ ಮಾಡ್ಕೋತಾನಾ? ನೀನೇ ಹೇಳು."

ಮಿನ್ನಾ ಲಂಗವನ್ನು ಮೆಲ್ಲಗೆ ಬಿಡಿಸಿಕೊಂಡು ಹೋಗಿ ಮೆಟ್ಟಿಲ ಮೇಲೆ ಕೂತಳು.

ಮಿನ್ನಾಳ ಕೆಲಸ ಕಥೆ ಹೇಳುವುದು. ಸ್ಟುಡಿಯೋಗೆ ಬಂದ ಕಾದಂಬರಿ, ನಾಟಕ, ಚಿತ್ರಕಥೆಗಳನ್ನೆಲ್ಲ ಅವಳು ಓದುತ್ತಿದ್ದಳು. ದಿನಾ ಮಧ್ಯಾಹ್ನ ಮೂರು ಗಂಟೆಗೆ ಬಾಗಿಲು ಹಾಕಿಕೊಂಡು ಅವುಗಳನ್ನು ಯಜಮಾನನಿಗೆ ತಮ್ಮ ಜನರ ಯಿದ್ದಿಶ್ ಮಾತಿನಲ್ಲಿ ಹೇಳುತ್ತಿದ್ದಳು. ಅವನು ಬೂಟು ಕಳಚಿ, ಕಣ್ಣು ಮುಚ್ಚಿ, ಮೊಮ್ಮಗನ ಹಾಗೆ "ಆಮೇಲೆ?" ಎನ್ನುತ್ತಿದ್ದ. ಮೂರು ಸಲ "ಆಮೇಲೆ" ಎಂದರೆ ಆ ಕಥೆ ಚಿತ್ರವಾಗುತ್ತಿತ್ತು. ಒಂದು ಸಲವೂ ಅನ್ನದಿದ್ದರೆ ಬರೆದವನು ಊಟಕ್ಕೆ ಬೇರೆ ದಾರಿ ನೋಡಿಕೊಳ್ಳಬೇಕಿತ್ತು.

ಅವನ ಕಥೆಯೂ ಹಾಗೇ ಹೇಳಬಹುದಾದದ್ದೇ. ಒಂದೂರಲ್ಲಿ ಒಬ್ಬ ಹುಡುಗನಿದ್ದ, ನರಿಯ ಚರ್ಮ ಹದ ಮಾಡಿ ಮಾಡಿ ಅವನ ಉಗುರುಗಳು ಕಪ್ಪಾಗಿದ್ದವು. ಹಡಗು ಹತ್ತಿ ಸಮುದ್ರ ದಾಟಿದ. ನ್ಯೂಆರ್ಕಿನಲ್ಲಿ ತಳ್ಳುಗಾಡಿಯಲ್ಲಿ ತುಪ್ಪಳದ ಕೊರಳಪಟ್ಟಿ ಮಾರಿದ. ಬೇಸಿಗೆಯಲ್ಲಿ ಕೊರಳಪಟ್ಟಿ ಯಾರಿಗೆ ಬೇಕು? ಖಾಲಿ ಅಂಗಡಿಗೆ ಹಾಸಿಗೆಯ ಬಟ್ಟೆ ಕಟ್ಟಿ, ಬಾಡಿಗೆ ಯಂತ್ರ ತಂದು, ಓಡುವ ಕುದುರೆ ತೋರಿಸಿದ. ಕುದುರೆ ಓಡಿತು, ಅವನೂ ಓಡಿದ. ಬಿಸಿಲಿನ ಈ ಊರಿಗೆ ಬಂದು ನಿಂಬೆ ತೋಟ ಕಡಿಸಿ ಪಟ್ಟಣ ಕಟ್ಟಿಸಿದ: ಒಂದು ಬೀದಿ ಪ್ಯಾರಿಸ್, ಒಂದು ಬೀದಿ ಬಾಗ್ದಾದ್, ಹಿಂದೆ ಬರೀ ಆನಿಕೆ ಕೋಲು. ನಾಲ್ಕು ಸಾವಿರ ಜನ ಅವನ ಶಿಳ್ಳೆಗೆ ಎದ್ದು ಕೂರುತ್ತಿದ್ದರು.

ಅಜ್ಜಿ ಹೇಳುವ ಕಥೆಯಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು.

ಮೊದಲ ದಿನವೇ ಅವನು ಅವಳ ಮುಂದೆ ಒಂದು ಪುಸ್ತಕವನ್ನು ತಳ್ಳಿ ಹೇಳಿದ್ದ: "ನಾನು ಓದಲಾರೆ. ಇಂಗ್ಲಿಷೂ ಇಲ್ಲ, ನಮ್ಮ ಭಾಷೆಯೂ ಇಲ್ಲ. ಸಹಿ ಚಿತ್ರ ಬರೆದ ಹಾಗೆ ಬರೀತೀನಿ. ಇದು ನಿನ್ನನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲ. ಗೊತ್ತಾದ ದಿನ ಯಾರು ಹೇಳಿದ್ದು ಅಂತ ನಾನು ಹುಡುಕಬೇಕಾಗಿಲ್ಲ."

ಮಿನ್ನಾ ಹೇಳಬೇಕಾಗಿಯೂ ಬರಲಿಲ್ಲ, ಅವನ ಗುಮಾನಿಯೇ ಸಾಕಾಯಿತು. ಅವಳ ತಮ್ಮ ಲೀಬ್ ಇದೇ ಸ್ಟುಡಿಯೋದಲ್ಲಿ ಚಿತ್ರಕಥೆ ಬರೆಯುತ್ತಿದ್ದ, ಬಾಯಿ ಹಿಡಿತವಿಲ್ಲದ ಹುಡುಗ. ಹೋಟೆಲಿನ ಊಟದಲ್ಲಿ ಯಜಮಾನ ಎಂದಿನಂತೆ "ಪಕ್ಕದೋರು ತಗೊಂಡಿದ್ದೇ ನನಗೂ" ಎಂದಾಗ ಲೀಬ್, "ಯಜಮಾನ್ರೆ, ಒಂದು ದಿನವಾದ್ರೂ ಊಟದ ಪಟ್ಟಿ ಬಿಡಿಸಿ ನೋಡಿ, ಕಚ್ಚಲ್ಲ" ಎಂದು ನಗಿಸಿದ್ದ. ಮರುದಿನ ಊರಿನ ಏಳು ಸ್ಟುಡಿಯೋಗಳ ಗೇಟಿನಲ್ಲೂ ಅವನ ಹೆಸರಿತ್ತು, ಒಳಗೆ ಬಿಡಬೇಡಿ ಎಂದು. ಈಗ ಲೀಬ್ ರಸ್ತೆ ಬದಿಯಲ್ಲಿ ಕಿತ್ತಳೆ ಮಾರುತ್ತಾನೆ. ಮಿನ್ನಾ ಮಾತ್ರ ಪ್ರತಿದಿನ ಮೂರಕ್ಕೆ ಹೋಗಿ ಅದೇ ಬಾಯಿಂದ ಕಥೆ ಹೇಳುತ್ತಿದ್ದಳು.

ಅಂಥವನು ಗೋಡೆಯ ಪಕ್ಕ ಮಲಗಿದರೆ ತನಗೇನು?

ಆದರೆ ಫೈಗಾಳ ಕೈ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ. ಖಾಲಿ ಜಾಗದ ಕಳೆ ಕೀಳುವ ಕೈ. ಸತ್ತವನಿಗೆ ಒಳ್ಳೆಯದು ಮಾಡಬೇಕಾದರೆ ಅವನ ಮಾನ ತೆಗೆಯಬೇಕಿತ್ತು. ಎರಡರಲ್ಲಿ ತನ್ನನ್ನು ಮೆಟ್ಟಿಲಿನಿಂದ ಎಬ್ಬಿಸಿದ್ದು ಯಾವುದೆಂದು ಮಿನ್ನಾಳಿಗೇ ತಿಳಿಯಲಿಲ್ಲ. ಅವಳು ಎದ್ದು ಮತ್ತೆ ಒಳಗೆ ಹೋದಳು.

ಟಿಂಬ್ಲಿನ್ ಮೊದಲು ನಕ್ಕ. ಆಮೇಲೆ ನಗು ನಿಲ್ಲಿಸಿ ಕುರ್ಚಿಯ ಕಲೆಯನ್ನೇ ನೋಡಿದ.

"ಓದೋಕೇ ಬರ್ತಿರ್ಲಿಲ್ವಾ?"

"ಬರೆಯೋಕೂ."

"ವರ್ಷಕ್ಕೆ ನಲವತ್ತು ಚಿತ್ರ ತೆಗೆಯೋ ಮನುಷ್ಯ."

"ಕೇಳಿಸ್ಕೊಂಡು ತೆಗೀತಿದ್ರು."

"ಇದು ಇನ್ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ. ಮನೆಯೋರಿಗೂ ಇಲ್ಲ."

"ಅಂದ್ರೆ ನಿಮ್ಮ ಮಾತೊಂದೇ." ಅವನು ಬೆರಳು ಮಡಿಸಿದ. "ನಿನ್ನೆ ಮೂರೂವರೆಗೆ ಈ ಕೋಣೆಯಿಂದ ಹೊರಗೆ ಬಂದ ಕೊನೆಯೋರೂ ನೀವೇ. ಮುಖ ಕೆಂಪಾಗಿತ್ತಂತೆ."

"ನನ್ನ ತಮ್ಮನನ್ನ ಕ್ಷಮಿಸಿ ಕರೆಸಿ ಅಂತ ಕೇಳಿದೆ. ಆಗಲ್ಲ ಅಂದ್ರು. ಮುಖ ಇನ್ಯಾವ ಬಣ್ಣಕ್ಕೆ ತಿರುಗಬೇಕಿತ್ತು?"

ಟಿಂಬ್ಲಿನ್ ಅವಳನ್ನು ಸ್ವಲ್ಪ ಹೊತ್ತು ತೂಗಿ ನೋಡಿದ. "ಈ ಕಾಗದ ಬರೆದ ಕೈ ತೋರಿಸಿ. ನಾನೇ ಹೋಗಿ ಅಧಿಕಾರಿಯ ಪೆನ್ನು ಹಿಡಿದು ನಿಲ್ಲಿಸ್ತೀನಿ."

ಆ ಕೈ ಯಾರದಿರಬಹುದೆಂದು ಅವಳಿಗೆ ಅಷ್ಟರಲ್ಲಿ ಗೊತ್ತಾಗಿತ್ತು.

ಬಡಗಿಗಳ ಕೊಟ್ಟಿಗೆಯ ಹಿಂದೆ ಆಗಸ್ಟ್ ಫೆನ್‌ನ ಕೋಣೆ. ಹದಿನೇಳು ವರ್ಷದಿಂದ ಈ ಸ್ಟುಡಿಯೋದ ಚಿತ್ರಗಳಲ್ಲಿ ಪರದೆ ತುಂಬ ಕಾಣಿಸಿಕೊಂಡ ಕಾಗದಗಳೆಲ್ಲ ಅವನ ಕೈಬರಹ: ರಾಜನ ಅಪ್ಪಣೆ, ಓಡಿಹೋದ ಹುಡುಗಿಯ ಚೀಟಿ, ಗಲ್ಲಿಗೇರುವವನ ಕೊನೆಯ ಮಾತು. ಹಗ್ಗದ ಮೇಲೆ ಚಹಾ ಬಣ್ಣದ ಹಾಳೆಗಳು ಒಣಗುತ್ತಿದ್ದವು.

"ಬಾ ಕಥೆ ಹುಡುಗಿ," ಎಂದ ಮುದುಕ. "ಕೂತ್ಕೋ. ನನ್ನ ಹತ್ರ ಈಗ ಯಾರೂ ಬರಲ್ಲ. ಮಾತಾಡೋ ಚಿತ್ರ ಬಂದ್ಮೇಲೆ ಎಲ್ಲಾ ಬಾಯಲ್ಲೇ ಹೇಳ್ಕೋತಾರೆ. ಪ್ರೀತಿಯನ್ನೂ ಕಿರುಚ್ತಾರೆ. ಕಾಗದ ಯಾರಿಗೆ ಬೇಕು?"

"ಫೆನ್, 'ನಾನು ಕಟ್ಟಿದ್ದೆಲ್ಲ ಬರೀ ಮುಂಭಾಗ'..."

"'ಹಿಂದೆ ಮನೆಯೇ ಇರಲಿಲ್ಲ.'" ಫೆನ್ ಹೆಮ್ಮೆಯಿಂದ ಮುಂದುವರಿಸಿದ. "ಚೆನ್ನಾಗಿ ಬಂದಿದೆ ಅಲ್ವಾ? ಸೋಮವಾರ ಬರೆದೆ. ಆರು ಪ್ರತಿ. ಮಗಳು ಅದನ್ನ ಓದಿ ಹರಿದು ಹಾಕ್ಬೇಕು, ಒಂದೇ ಸಲಕ್ಕೆ ಯಾರು ಸರಿಯಾಗಿ ಹರೀತಾರೆ? ಹರಿಯೋದಕ್ಕೆ ಆರು, ಸುಡೋದಕ್ಕೆ ಹತ್ತು, ಅದು ನನ್ನ ಲೆಕ್ಕ."

ಯಜಮಾನನ ಮೇಜಿನ ಮೇಲೆ ಸಿಕ್ಕ ಕಾಗದದಲ್ಲಿ ಏನು ಬರೆದಿತ್ತೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅದು ಅವನ ಮುಖದಲ್ಲೇ ಕಾಣುತ್ತಿತ್ತು.

"ಯಾವ ಚಿತ್ರಕ್ಕೆ?"

"ರಿವ್ಕಾದು. ಯಾವನೋ ಗಂಡಸಿನ ಹೆಸರಲ್ಲಿ ಬರೀತಾಳಲ್ಲ, ಅದು. ಮಂಗಳವಾರ ಯಜಮಾನರು ನಿಲ್ಲಿಸ್ಬಿಟ್ರು, ಸೆಟ್ಟೂ ಕಿತ್ತು ಹಾಕ್ಸಿದ್ರು. ಪಾಪ, ಆರೂ ಪ್ರತಿ ಅವಳೇ ಬಂದು ತಗೊಂಡು ಹೋಗಿದ್ಲು."

ಮಿನ್ನಾಳಿಗೆ ನಿನ್ನೆ ಸಂಜೆ ನೆನಪಾಯಿತು.

ನಿನ್ನೆ ಸಂಜೆ ಆ ಕಾಗದವನ್ನು ಟಿಂಬ್ಲಿನ್ ಎಲ್ಲರಿಗಿಂತ ಮೊದಲು ತೋರಿಸಿದ್ದು ಮಗಳಿಗೆ. ಅವಳು ಓದಿ, ಮಡಿಸಿದ ಕರವಸ್ತ್ರವನ್ನು ಬಾಯಿಗೆ ಒತ್ತಿ, ತಲೆಯಾಡಿಸಿದ್ದಳು. ತಾನೇ ಬರೆದ ಮಾತು. ಇದು ನನ್ನ ಚಿತ್ರದ್ದು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು, ಅವಳ ಅಪ್ಪ ನಾಳೆ ಅವಳ ಅಮ್ಮನ ಪಕ್ಕ ಮಲಗುತ್ತಿದ್ದ.

"ಫೆನ್ ಮಾಮ, ಸ್ವಲ್ಪ ಹೊರಗೆ ಕೂತಿರ್ತೀರಾ?"

ಬಾಗಿಲಲ್ಲಿ ರಿವ್ಕಾ ನಿಂತಿದ್ದಳು. ಫೆನ್ ಇಬ್ಬರನ್ನೂ ನೋಡಿ, ಚಹಾದ ಲೋಟ ಹಿಡಿದುಕೊಂಡು ಎದ್ದು ಹೋದ. ಅವಳು ಬಾಗಿಲು ಹಾಕಿ ಅದಕ್ಕೇ ಒರಗಿದಳು.

"ನೀನೇ ಇಟ್ಟದ್ದು," ಎಂದಳು ಮಿನ್ನಾ.

"ನಾನೇ."

"ಗುಂಡು?"

"ಅದು ನಾನಲ್ಲ. ನಾನು ಹೋದಾಗ ಆಗಿಹೋಗಿತ್ತು. ಪಿಸ್ತೂಲು ಕಂಬಳಿ ಮೇಲೆ ಬಿದ್ದಿತ್ತು. ನನ್ನ ಚೀಲದಲ್ಲಿ ಆರು ಕಾಗದ ಇದ್ವು, ಅವನ ಮುಖಕ್ಕೆ ಎಸೀಬೇಕು ಅಂತ ತಗೊಂಡು ಹೋಗಿದ್ದೆ. ಒಂದನ್ನ ಮೇಜಿನ ಮೇಲಿಟ್ಟೆ."

"ಯಾಕೆ ರಿವ್ಕಾ? ಗೋಡೆ ಪಕ್ಕ ಹೂಳ್ತಾರೆ ಅಂತ ನಿನಗೆ ಗೊತ್ತಿರ್ಲಿಲ್ವಾ?"

"ಗೊತ್ತಿದ್ದಕ್ಕೇ ಇಟ್ಟೆ."

ಬಡಗಿಗಳ ಗರಗಸದ ಸದ್ದು ಗೋಡೆಯಾಚೆ ಏರಿ ಇಳಿಯುತ್ತಿತ್ತು.

"ಅಮ್ಮ ಏಳು ವರ್ಷ ಊರಲ್ಲಿ ಕಾದಳು," ರಿವ್ಕಾ ಹೇಳಿದಳು. "ಕರೆಸ್ಕೊಂಡ್ಮೇಲೆ ಹಿಂದಿನ ಕೋಣೆಯಲ್ಲಿಟ್ಟ. ತಲೆಗೆ ವಸ್ತ್ರ ಕಟ್ಕೋತಾಳೆ, ಇಂಗ್ಲಿಷ್ ಬರಲ್ಲ, ನಾಲ್ಕು ಜನರ ಮುಂದೆ ಹೇಗೆ ತರೋದು ಅಂತ. ಒಂದಿನ ದೊಡ್ಡ ಊಟ ಇತ್ತು, ಅಡುಗೆಯವಳು ಬಂದಿರ್ಲಿಲ್ಲ. ಅಮ್ಮನೇ ತಟ್ಟೆ ಹಿಡ್ಕೊಂಡು ಬಂದಳು. ಒಬ್ಬ ಅತಿಥಿ ಅವಳ ಕೈಗೆ ಒಂದು ಡಾಲರ್ ಇಟ್ಟ, ಊಟ ಚೆನ್ನಾಗಿತ್ತು ಅಂತ. ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ನಕ್ಕ. ನನಗಾಗ ಒಂಬತ್ತು ವರ್ಷ."

"ಅದೇನಾ ನಿನ್ನ ಚಿತ್ರ?"

"ಅದೇ. ನಿನ್ನ ಕೈಗೆ ಕೊಡದೆ, ಆ ಭಾಗ ಬಿಟ್ಟು ನಾನೇ ಅವನಿಗೆ ಕಥೆ ಹೇಳಿ ಒಪ್ಪಿಸಿದ್ದೆ. ಮಂಗಳವಾರ ಸೆಟ್ಟಿಗೆ ಬಂದ, ಆ ದೃಶ್ಯವನ್ನೇ ಅಭ್ಯಾಸ ಮಾಡ್ತಿದ್ವಿ. ನೋಡಿದ, ಟೋಪಿ ಹಾಕ್ಕೊಂಡ, ಹೊರಟ. ಹತ್ತು ನಿಮಿಷಕ್ಕೆ ಬಡಗಿಗಳು ಬಂದು ಗೋಡೆ ಬಿಚ್ಚಿದ್ರು." ಅವಳ ದನಿ ಏರಲಿಲ್ಲ. "ಬದುಕಿದ್ದಾಗ ಪಕ್ಕ ಕೂರಿಸ್ಕೊಳ್ಳಲಿಲ್ಲ. ಸತ್ಮೇಲೆ ಯಾವ ಮುಖ ಇಟ್ಕೊಂಡು ಅವಳ ಪಕ್ಕ ಮಲಗ್ತಾನೆ?"

"ನಿನ್ನ ಕಾಗದ ಆಗ್ಲೇ ಬಿದ್ದುಹೋಯ್ತು ರಿವ್ಕಾ. ಅವರಿಗೆ ಬರೆಯೋಕೇ ಬರ್ತಿರ್ಲಿಲ್ಲ."

"ಏನು?"

"ಓದೋಕೂ. ಯಾವ ಭಾಷೆಯಲ್ಲೂ."

"ದಿನಾ ಪೇಪರ್ ಓದ್ತಿದ್ದ."

"ಹಿಡ್ಕೊಂಡು ಕೂತಿರ್ತಿದ್ರು."

 ರಿವ್ಕಾಳ ಬಾಯಿಂದ ಬಂದ ಮಾತು ಅಪ್ಪನ ಬಗ್ಗೆ ಆಗಿರಲಿಲ್ಲ. "ಅಮ್ಮ ವಾರಕ್ಕೊಂದು ಕಾಗದ ಬರೀತಿದ್ಲು. ಏಳು ವರ್ಷ. ಅಕ್ಕಪಕ್ಕದ ಹೆಂಗಸರಿಗೆ ಹೇಳ್ತಿದ್ಲು, ಅ‌ವರಿಗೆ ಕೆಲಸ ಜಾಸ್ತಿ, ಉತ್ತರಕ್ಕೆ ಪುರುಸೊತ್ತಿಲ್ಲ, ಆದ್ರೆ ಈಗ ಅಕ್ಷರ ಕಲ್ತಿದ್ದಾರೆ, ಓದ್ತಾರೆ ಅಂತ."

"ಯಾರ ಕೈಲಾದ್ರೂ ಓದಿಸ್ಕೋಬಹುದಿತ್ತು."

"ಓದಿಸ್ಕೊಂಡಿದ್ರೆ ಇನ್ನೊಬ್ಬರಿಗೆ ಗೊತ್ತಾಗ್ತಿತ್ತಲ್ಲ." ರಿವ್ಕಾ ನಕ್ಕಳು; ಅಳುವುದಕ್ಕಿಂತ ಕೆಟ್ಟದಾಗಿತ್ತು ಆ ನಗು. "ಈಗ ಹೇಳು, ಗೋಡೆ ಪಕ್ಕ ಸಾಕಾ ಅವನಿಗೆ?"

 "ಟಿಂಬ್ಲಿನ್‌ಗೆ ಹೇಳಲೇಬೇಕು," ಎಂದಳು ಮಿನ್ನಾ. "ಗೋಡೆಯ ಮಾತು ಬಿಡು. ಕೊಂದೋನು ಈ ಗೇಟಿನೊಳಗೇ ಓಡಾಡ್ತಿದ್ದಾನೆ. ನಿನ್ನ ಕಾಗದ ಅವನನ್ನ ಕಾಪಾಡ್ತಿದೆ."

"ಹೌದು," ಎಂದಳು ರಿವ್ಕಾ. ಅವಳ ಕಣ್ಣು ಮಿನ್ನಾಳ ಮುಖವನ್ನು ಬಿಡಲಿಲ್ಲ. "ಕಾಪಾಡ್ಲಿ ಅಂತಲೇ ಇಟ್ಟೆ."

"ಅಂದ್ರೆ?"

"ನಾನು ಹೋದಾಗ ಅವನಿಗೆ ಇನ್ನೂ ಉಸಿರಿತ್ತು ಮಿನ್ನಾ. ಯಾರು ಮಾಡಿದ್ದು ಅಂತ ಕೇಳಿದೆ. ಎರಡು ಸಲ ಕೇಳಿದೆ. ಎರಡು ಸಲವೂ ಒಂದೇ ಹೆಸರು ಹೇಳಿದ."

ಗರಗಸ ನಿಂತಿತು.

"ನಿನ್ನ ಹೆಸರು."

"ನಾನು ಮೂರೂವರೆಗೇ ಹೊರಟುಹೋದೆ," ಎಂದಳು ಮಿನ್ನಾ.  "ನಾನು ಮಾಡಿಲ್ಲ."

"ಮಾಡಿದ್ರೂ ನನಗೇನೂ ಇಲ್ಲ. ಲೀಬ್‌ಗೆ ಅವನು ಮಾಡಿದ್ದು ನನಗೂ ಗೊತ್ತು. ಅವನಿಗೆ ಗೋಡೆ, ನಿನಗೆ ಬಿಡುಗಡೆ, ಎರಡೂ ಒಂದೇ ಕಾಗದದಲ್ಲಿ ಆಗುತ್ತೆ ಅನ್ಕೊಂಡೆ. ನೀನೇ ಮಧ್ಯಾಹ್ನದಿಂದ ಓಡಾಡಿ ಕೊಲೆ ಕೊಲೆ ಅಂತ ಸಾಬೀತು ಮಾಡ್ತಿದ್ದೀಯ."

"ಸಾಯೋ ಹೊತ್ತಲ್ಲಿ ಯಾರನ್ನಾದ್ರೂ ಕರೆದಿರ್ತಾರೆ. ನೀನು ಕೇಳಿದ್ದು ಅವರ ಕಿವಿಗೆ ಬಿದ್ದಿರಲಿಕ್ಕಿಲ್ಲ."

"ಇರಬಹುದು. ಅದನ್ನ ಆ ಪತ್ತೇದಾರನಿಗೆ ಹೇಳು."

ಹೊರಗೆ ಫೆನ್ ಕೆಮ್ಮಿದ. ಯಾರೊಡನೆಯೋ ಮಾತಾಡುತ್ತಿದ್ದ, ಹೆಮ್ಮೆಯ ದನಿಯಲ್ಲಿ; ಆರು ಪ್ರತಿ ಎನ್ನುವುದು ಸ್ಪಷ್ಟವಾಗಿ ಕೇಳಿಸಿತು. ಬಾಗಿಲು ತಳ್ಳಿದ ಸದ್ದಿಗೆ ರಿವ್ಕಾ ಮುಂದೆ ಬಂದಳು. ಟಿಂಬ್ಲಿನ್ ಒಳಗೆ ಕಾಲಿಟ್ಟು ಟೋಪಿ ತೆಗೆದ. ಒಣಗುತ್ತಿದ್ದ ಹಳದಿ ಹಾಳೆಗಳನ್ನು ಒಂದೊಂದಾಗಿ ನೋಡಿದ.

"ನಾಲ್ಕಕ್ಕೆ ಹತ್ತು ನಿಮಿಷ ಇದೆ," ಎಂದ. "ನೀವು ಗೆದ್ದಿರಿ ಮಿಸ್ ಲಾಪಿಡಸ್. ಮುದುಕ ಒಪ್ಕೊಂಡ, ಕೈ ತನ್ನದೇ ಅಂತ. ಪೆನ್ನು ನಿಲ್ಲಿಸಿ ಅಂತ ಈಗಷ್ಟೇ ಹುಡುಗನನ್ನ ಓಡಿಸಿದೆ. ಇದು ಕೊಲೆಯೇ."

ಅವನು ಕಿಸೆಯಿಂದ ಪುಸ್ತಕ ತೆಗೆದು ಹೊಸ ಪುಟ ತಿರುಗಿಸಿದ.

"ಇನ್ನು ಉಳಿದದ್ದು ಯಾರು ಅನ್ನೋದೊಂದೇ. ಇಬ್ಬರಲ್ಲಿ ಯಾರು ಮೊದಲು ಮಾತಾಡ್ತೀರಿ?"

 ರಿವ್ಕಾ ಬೆರಳೆತ್ತಿ ತೋರಿಸಲಿಲ್ಲ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಪತ್ತೇದಾರನಿಗೂ ಮಿನ್ನಾಳಿಗೂ ನಡುವೆ ದಾರಿ ಬಿಟ್ಟಳು.